ಒಂದೇ ಫೈಲು, ಹಲವು ಕೈ: ಹಂಚಿಕೊಂಡ ಡಾಕ್ಯುಮೆಂಟನ್ನು ಗೊಂದಲವಿಲ್ಲದೆ ಮುಗಿಸುವ ಸಮಗ್ರ ಮಾರ್ಗದರ್ಶಿ

ಐದಾರು ಜನ ಸೇರಿ ಒಂದು ವರದಿ ಬರೆಯಬೇಕು. ಒಬ್ಬರು ಗೂಗಲ್ ಡಾಕ್ಸ್‌ನಲ್ಲಿ ಫೈಲು ತೆರೆದು ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕುತ್ತಾರೆ. ಜೊತೆಗೆ "ಎಲ್ಲರೂ ಅವರವರ ಭಾಗ ಸೇರಿಸಿ" ಅಂತ ಒಂದು ಸಾಲು. ಎರಡು ವಾರ ಬಿಟ್ಟು ನೋಡಿದರೆ ಮೂರು ಪ್ರತಿಗಳಾಗಿವೆ. ಕೊನೆಯ ತಿದ್ದುಪಡಿ ಯಾವುದರಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಒಂದು ಪ್ಯಾರಾ ಕಾಣೆಯಾಗಿದೆ, ಅಳಿಸಿದ್ದು ಯಾರು ಅಂತ ಕೇಳಿದರೆ ಎಲ್ಲರೂ ಮೌನ.

ಇಂಥ ಹೊತ್ತಿನಲ್ಲಿ ಬೇರೆ ಆ್ಯಪ್ ಹುಡುಕುವವರೇ ಜಾಸ್ತಿ. ಆ್ಯಪ್ ಬದಲಾಯಿಸಿದರೂ ಕಥೆ ಬದಲಾಗುವುದಿಲ್ಲ. ಬರೆಯುವುದು, ತಿದ್ದುವುದು, ತೀರ್ಮಾನ ಮಾಡುವುದು, ಈ ಮೂರೂ ಒಂದೇ ಹೊತ್ತಿಗೆ ಒಂದೇ ಪುಟದಲ್ಲಿ ನಡೆಯುತ್ತಿರುತ್ತವೆ. ಒಬ್ಬ ಸುಣ್ಣ ಬಳಿಯುತ್ತಿರುವ ಗೋಡೆಗೆ ಇನ್ನೊಬ್ಬ ಮೊಳೆ ಹೊಡೆದ ಹಾಗೆ. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಹಂತಕ್ಕೆ ಒಟ್ಟು ಒಂದೆರಡು ಗಂಟೆ ಸಾಕು. ಆತುರದಲ್ಲಿ ಎಲ್ಲರೂ ಬಿಟ್ಟುಬಿಡುವುದೂ ಅವನ್ನೇ.

ಉದಾಹರಣೆಗಳಿಗೆ ಗೂಗಲ್ ಡಾಕ್ಸ್ ಮತ್ತು ಮೈಕ್ರೋಸಾಫ್ಟ್ ವರ್ಡ್ ತೆಗೆದುಕೊಂಡಿದ್ದೇನೆ. ಬೇರೆ ಆ್ಯಪ್ ಬಳಸುವವರಿಗೂ ಕ್ರಮ ಇದೇ, ಮೆನುವಿನ ಹೆಸರು ಮಾತ್ರ ಬೇರೆ.

## ಶುರು ಮಾಡುವ ಮುಂಚೆ ಏನೇನು ಬೇಕು

ಪ್ರತಿಯೊಬ್ಬರಿಗೂ ಅವರದೇ ಆದ ಅಕೌಂಟ್ ಇರಬೇಕು. ಇಬ್ಬರು ಒಂದೇ ಲಾಗಿನ್ ಬಳಸಿದರೆ ಯಾರು ಏನು ಬದಲಿಸಿದರು ಎಂಬ ದಾಖಲೆಗೆ ಅರ್ಥವೇ ಇರುವುದಿಲ್ಲ.

ಕಂಪ್ಯೂಟರ್ ಇದ್ದರೆ ಒಳ್ಳೆಯದು. ಫೋನಿನಲ್ಲಿ ಓದಬಹುದು, ಕಾಮೆಂಟ್ ಹಾಕಬಹುದು. ಪ್ಯಾರಾಗಳನ್ನು ಹಿಂದೆ ಮುಂದೆ ಮಾಡುವ ಕೆಲಸವನ್ನು ಮಾತ್ರ ಫೋನಿನಲ್ಲಿ ಮಾಡಬೇಡಿ. ಚಿಕ್ಕ ಪರದೆಯಲ್ಲಿ ಬೆರಳು ತಾಗಿ ಅರ್ಧ ಪುಟ ಅಳಿಸಿಹೋದರೂ ಗೊತ್ತಾಗುವುದಿಲ್ಲ.

ಇನ್ನೊಂದು, ಮಾತಿಗೆ ಒಂದು ಜಾಗ. ವಾಟ್ಸಾಪ್ ಗ್ರೂಪ್ ಆಗಬಹುದು, ಬೇರೇನಾದರೂ ಆಗಬಹುದು. ಅಲ್ಲಿ ಮಾತು ಮಾತ್ರ ನಡೆಯಬೇಕು. ಆ ಗ್ರೂಪಿಗೆ ಯಾರೂ ಫೈಲನ್ನೇ ಕಳಿಸಬಾರದು, ಲಿಂಕ್ ಮಾತ್ರ. ಈ ಒಂದು ನಿಯಮ ಪಾಲಿಸಿದರೂ ಗಲಿಬಿಲಿ ಎಷ್ಟೋ ಕಡಿಮೆಯಾಗುತ್ತದೆ.

## ಹಂತ 1: ಫೈಲಿಗೆ ಒಂದೇ ಮನೆ, ಒಂದೇ ಹೆಸರು

ಮೊದಲು ಆ್ಯಪ್ ಯಾವುದು ಅಂತ ತೀರ್ಮಾನಿಸಿ. ಗೂಗಲ್ ಡಾಕ್ಸ್ ಅಂದರೆ ಎಲ್ಲರಿಗೂ ಗೂಗಲ್ ಡಾಕ್ಸ್. ವರ್ಡ್ ಅಂದರೆ ಫೈಲು ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗಗಳಾದ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲೇ ಇರಬೇಕು, ಮೇಲ್ಗಡೆ ಎಡಮೂಲೆಯ ಆಟೋಸೇವ್ ಆನ್ ಆಗಿರಬೇಕು. ನಿಮ್ಮ ಡೆಸ್ಕ್‌ಟಾಪ್‌ನಲ್ಲಿರುವ ವರ್ಡ್ ಫೈಲನ್ನು ಇಮೇಲ್‌ಗೆ ಅಂಟಿಸಿ ಕಳಿಸಿದರೆ ಅದು ಹಂಚಿಕೊಂಡ ಫೈಲಲ್ಲ. ಕಳಿಸಿದ ಕ್ಷಣವೇ ಎಷ್ಟು ಜನರಿದ್ದಾರೋ ಅಷ್ಟು ಪ್ರತಿಗಳಾಗಿರುತ್ತವೆ.

ಎರಡನ್ನೂ ಬೆರೆಸುವುದು ತುಂಬಾ ಸಾಮಾನ್ಯವಾದ ತಪ್ಪು. ಗೂಗಲ್ ಡ್ರೈವ್‌ನಲ್ಲಿರುವ ಫೈಲನ್ನು ಒಬ್ಬರು ಡೌನ್‌ಲೋಡ್ ಮಾಡಿ ವರ್ಡ್‌ನಲ್ಲಿ ತಿದ್ದಿ ಮತ್ತೆ ಅಪ್‌ಲೋಡ್ ಮಾಡುತ್ತಾರೆ. ಅಷ್ಟರಲ್ಲಿ ಉಳಿದವರು ಮೂಲ ಫೈಲಿನಲ್ಲಿ ಇನ್ನೇನೋ ಬರೆದಿರುತ್ತಾರೆ. "ನನಗೆ ವರ್ಡ್ ಬಿಟ್ಟು ಬೇರೆ ಬರಲ್ಲ" ಅನ್ನುವವರು ಪ್ರತಿ ತಂಡದಲ್ಲೂ ಒಬ್ಬರಿರುತ್ತಾರೆ. ಅವರ ಜೊತೆ ವಾದ ಬೇಡ. ಅವರ ಭಾಗವನ್ನು ಮಾತ್ರ ಬೇರೆ ಫೈಲಿನಲ್ಲಿ ಬರೆಸಿಕೊಂಡು ಇನ್ನೊಬ್ಬರು ಮುಖ್ಯ ಫೈಲಿಗೆ ಸೇರಿಸಲಿ.

ಹೆಸರಿನ ವಿಷಯ. ಮುಖ್ಯ ಫೈಲಿನ ಹೆಸರು ಕೊನೆಯವರೆಗೂ ಬದಲಾಗಬಾರದು. "ಫೈನಲ್" ಎಂಬ ಪದವನ್ನು ಹೆಸರಿನಲ್ಲಿ ಬಳಸಲೇಬೇಡಿ, ಅದರ ಹಿಂದೆಯೇ "ಫೈನಲ್ 2" ಬರುತ್ತದೆ. ಹೊರಗೆ ಕಳಿಸುವ ಪ್ರತಿಗಳಿಗೆ ಮಾತ್ರ ದಿನಾಂಕ ಹಾಕಿ. ಅದೂ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ: 2025-03-14. ಹೀಗೆ ಬರೆದರೆ ಫೋಲ್ಡರಿನಲ್ಲಿ ಹೆಸರಿನ ಪ್ರಕಾರ ಜೋಡಿಸಿದಾಗ ಪ್ರತಿಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಫೈಲು ಯಾರ ಅಕೌಂಟಿನಲ್ಲಿದೆ ಎಂಬುದನ್ನೂ ಈಗಲೇ ನೋಡಿ. ಮಾಲೀಕರ ಅಕೌಂಟ್ ಮುಚ್ಚಿಹೋದರೆ ಅವರ ಫೈಲುಗಳೂ ಅದರ ಜೊತೆಗೇ ಹೋಗುವ ಅಪಾಯ ಇದೆ. ಕಚೇರಿಯ ಗೂಗಲ್ ಅಕೌಂಟ್ ಇದ್ದರೆ "ಶೇರ್ಡ್ ಡ್ರೈವ್" ಬಳಸಿ, ಅಲ್ಲಿ ಫೈಲು ಒಬ್ಬರದಲ್ಲ, ತಂಡದ್ದು. ಖಾಸಗಿ ಅಕೌಂಟ್‌ಗಳಾದರೆ ಕೊನೆಯವರೆಗೂ ಇರುವವರ ಹೆಸರಿನಲ್ಲೇ ಫೈಲು ತೆರೆಯಿರಿ. ಗೂಗಲ್ ಡ್ರೈವ್‌ನಲ್ಲಿ ಕಸದ ಬುಟ್ಟಿಗೆ ಹೋದದ್ದು 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ.

## ಹಂತ 2: ಯಾರ ಕೆಲಸ ಏನು

ಮೂರು ಪಾತ್ರಗಳು ಬೇಕು. ಉಸ್ತುವಾರಿ ಒಬ್ಬರು: ಫೈಲಿನ ಅನುಮತಿ, ಸೇರ್ಪಡೆ, ತಿದ್ದುಪಡಿ ಒಪ್ಪುವುದು ಎಲ್ಲ ಅವರ ಕೈಯಲ್ಲಿ. ಭಾಗ ಬರೆಯುವವರು ಹಲವರು. ಜಗಳ ಬಂದರೆ ಕೊನೆಯ ಮಾತು ಹೇಳುವವರು ಒಬ್ಬರು. ಉಸ್ತುವಾರಿ ವಹಿಸಿಕೊಂಡವರು ತಂಡದ ಹಿರಿಯರೇ ಆಗಬೇಕಿಲ್ಲ. ಸಣ್ಣ ವಿಷಯಗಳನ್ನು ಮರೆಯದವರು ಆಗಿದ್ದರೆ ಸಾಕು.

ಫೈಲಿನ ಮೊದಲ ಪುಟದಲ್ಲೇ ಒಂದು ಕೋಷ್ಟಕ ಹಾಕಿ. ಭಾಗ, ಬರೆಯುವವರು, ಮುಗಿಸುವ ದಿನ, ಸ್ಥಿತಿ, ಈ ನಾಲ್ಕು ಕಾಲಂ. ಸ್ಥಿತಿಗೆ ಮೂರೇ ಮಾತು: "ಬರೆಯುತ್ತಿದ್ದೇನೆ", "ತಿದ್ದಬಹುದು", "ಮುಗಿದಿದೆ". ಒಂದು ಭಾಗಕ್ಕೆ ಒಂದೇ ಹೆಸರು ಬರೆಯಿರಿ. ಎರಡು ಹೆಸರಿದ್ದರೆ ಇವರು ಅವರನ್ನು ಕಾಯುತ್ತಾರೆ, ಅವರು ಇವರನ್ನು ಕಾಯುತ್ತಾರೆ. "ಎಲ್ಲರೂ" ಅಂತ ಬರೆದರಂತೂ ಆ ಭಾಗ ಕೊನೆಯ ರಾತ್ರಿ ಉಸ್ತುವಾರಿಯ ತಲೆಗೇ ಬರುತ್ತದೆ.

## ಹಂತ 3: ಬೀಗದ ಕೈ ಯಾರ್ಯಾರಿಗೆ

ಗೂಗಲ್ ಡಾಕ್ಸ್‌ನಲ್ಲಿ ಮೂರು ಮಟ್ಟದ ಅನುಮತಿ ಇದೆ. ವ್ಯೂವರ್ ಓದಬಹುದು. ಕಾಮೆಂಟರ್ ಟಿಪ್ಪಣಿ ಹಾಕಬಹುದು, ತಿದ್ದುಪಡಿಯನ್ನು ಸಲಹೆಯಾಗಿ ಕೊಡಬಹುದು. ಎಡಿಟರ್ ನೇರವಾಗಿ ಬದಲಿಸಬಹುದು. ಎಲ್ಲರಿಗೂ ಎಡಿಟರ್ ಕೊಟ್ಟುಬಿಡುವುದು ಸುಲಭ. ಆಮೇಲೆ ಕಷ್ಟ.

"ಲಿಂಕ್ ಇರುವ ಯಾರಾದರೂ ಎಡಿಟ್ ಮಾಡಬಹುದು" ಎಂಬ ಆಯ್ಕೆಯನ್ನು ಮುಟ್ಟಲೇಬೇಡಿ. ಲಿಂಕ್ ಯಾವ ಗ್ರೂಪಿನಿಂದ ಯಾವ ಗ್ರೂಪಿಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಲಾಗಿನ್ ಆಗದೆ ಬಂದವರು ಅನಾಮಿಕರಾಗಿ ಕಾಣುತ್ತಾರೆ, ಅವರು ಏನಾದರೂ ಅಳಿಸಿದರೆ ದಾಖಲೆಯಲ್ಲೂ ಹೆಸರು ಸಿಗುವುದಿಲ್ಲ. ಲಿಂಕನ್ನು "ರಿಸ್ಟ್ರಿಕ್ಟೆಡ್" ಮಾಡಿ, ಒಬ್ಬೊಬ್ಬರ ಇಮೇಲ್ ಸೇರಿಸಿ.

ಶೇರ್ ಪೆಟ್ಟಿಗೆಯ ಮೂಲೆಯಲ್ಲಿ ಗಿಯರ್ ಚಿಹ್ನೆ ಇದೆ. ಅದರೊಳಗೆ ಎಡಿಟರ್‌ಗಳೇ ಇನ್ನೊಬ್ಬರಿಗೆ ಅನುಮತಿ ಕೊಡಬಹುದು ಎಂಬ ಆಯ್ಕೆ ಇರುತ್ತದೆ. ಅದರ ಟಿಕ್ ತೆಗೆಯಿರಿ. ಇಲ್ಲವಾದರೆ ನಿಮಗೆ ಗೊತ್ತಿಲ್ಲದೆಯೇ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಫೈಲು ಇರುವ ಫೋಲ್ಡರನ್ನು ಯಾರ ಜೊತೆ ಹಂಚಿಕೊಂಡಿದ್ದೀರಿ ಅಂತಲೂ ನೋಡಿ. ಫೋಲ್ಡರಿಗೆ ಕೊಟ್ಟ ಅನುಮತಿ ಒಳಗಿನ ಫೈಲಿಗೂ ಅನ್ವಯಿಸುತ್ತದೆ.

ತುಂಬಾ ಜನರಿಗೆ ಎರಡು ಜಿಮೇಲ್ ಇರುತ್ತವೆ. ನೀವು ಒಂದಕ್ಕೆ ಅನುಮತಿ ಕೊಟ್ಟಿರುತ್ತೀರಿ, ಅವರು ಇನ್ನೊಂದರಿಂದ ತೆರೆದು "ಓಪನ್ ಆಗ್ತಿಲ್ಲ" ಅನ್ನುತ್ತಾರೆ. ಯಾವ ಇಮೇಲ್ ಬಳಸುತ್ತೀರಿ ಅಂತ ಮೊದಲೇ ಕೇಳಿಕೊಳ್ಳಿ.

## ಹಂತ 4: ಬರೆಯುವ ಮೊದಲು ಚೌಕಟ್ಟು

ಖಾಲಿ ಪುಟವನ್ನು ಯಾರಿಗೂ ಕೊಡಬೇಡಿ. ಉಸ್ತುವಾರಿ ಮೊದಲು ಎಲ್ಲ ತಲೆಬರಹಗಳನ್ನು ಹಾಕಬೇಕು. ಅಕ್ಷರ ದಪ್ಪ ಮಾಡಿದರೆ ಅದು ತಲೆಬರಹ ಆಗುವುದಿಲ್ಲ. ಹೆಡಿಂಗ್ ಸ್ಟೈಲ್ ಬಳಸಿ. ಗೂಗಲ್ ಡಾಕ್ಸ್‌ನಲ್ಲಿ ಕಂಟ್ರೋಲ್, ಆಲ್ಟ್, 1 ಒತ್ತಿದರೆ ದೊಡ್ಡ ತಲೆಬರಹ, 2 ಒತ್ತಿದರೆ ಉಪತಲೆಬರಹ. ಹೀಗೆ ಮಾಡಿದರೆ ಎಡಬದಿಯಲ್ಲಿ ಔಟ್‌ಲೈನ್ ಕಾಣುತ್ತದೆ. ಎಲ್ಲರೂ ತಮ್ಮ ಭಾಗಕ್ಕೆ ನೇರವಾಗಿ ಹೋಗಬಹುದು, ಕೊನೆಯಲ್ಲಿ ಪರಿವಿಡಿಯೂ ತಾನಾಗಿಯೇ ಸಿಗುತ್ತದೆ.

ಪ್ರತಿ ತಲೆಬರಹದ ಕೆಳಗೆ ಎರಡು ಸಾಲಿನ ಸೂಚನೆ ಬರೆಯಿರಿ. ಇಲ್ಲಿ ಏನು ಬರಬೇಕು, ಏನು ಬೇಡ, ಸುಮಾರು ಎಷ್ಟು ಪದ. "ಏನು ಬೇಡ" ಎಂಬುದನ್ನು ತಪ್ಪಿಸಬೇಡಿ. ಒಂದೇ ಮಾಹಿತಿಯನ್ನು ಮೂವರು ಮೂರು ಕಡೆ ಬರೆಯುವುದು ಇದು ಇಲ್ಲದ್ದಕ್ಕೇ.

ಆಮೇಲೆ ಅರ್ಧ ಪುಟದ ನಿಯಮಗಳು. ಅಂಕಿ ಯಾವ ಲಿಪಿಯಲ್ಲಿ, ದಿನಾಂಕ ಹೇಗೆ, ವಾಕ್ಯದಲ್ಲಿ "ನಾವು" ಅನ್ನಬೇಕೋ "ತಂಡ" ಅನ್ನಬೇಕೋ, ಮತ್ತೆ ಮತ್ತೆ ಬರುವ ಹೆಸರುಗಳ ಕಾಗುಣಿತ ಯಾವುದು. ಕನ್ನಡದಲ್ಲಿ ಬರೆಯುವ ತಂಡವಾದರೆ ಇನ್ನೊಂದು ಸಾಲು: ಎಲ್ಲರೂ ಯೂನಿಕೋಡ್‌ನಲ್ಲೇ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರಗಳಲ್ಲೇ, ಟೈಪ್ ಮಾಡಬೇಕು. "ನುಡಿ", "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಪುಟದ ತುಂಬಾ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಮೊದಲು ಕನ್ವರ್ಟರ್‌ನಲ್ಲಿ ಬದಲಿಸಿ, ಆಮೇಲೆ ಅಂಟಿಸಿ. ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಿಂದ ನೋಡಿಯೇ ಮುಂದೆ ಹೋಗಿ.

ಚಿತ್ರಗಳನ್ನು ಈಗಲೇ ಹಾಕಬೇಡಿ. ಬೇರೆ ಫೋಲ್ಡರಿನಲ್ಲಿ ಸಂಖ್ಯೆ ಕೊಟ್ಟು ಇಡಿ, ಪುಟದಲ್ಲಿ "ಚಿತ್ರ 3 ಇಲ್ಲಿ" ಅಂತ ಬರೆದರೆ ಸಾಕು.

ಈ ಚೌಕಟ್ಟನ್ನು ಎಲ್ಲರೂ ಒಮ್ಮೆ ನೋಡಿ ಒಪ್ಪಿದ ಮೇಲೆ ಅದನ್ನು ಅಲುಗಾಡಿಸಬಾರದು. ಅರ್ಧ ಬರೆದ ಮೇಲೆ ಭಾಗಗಳನ್ನು ಅತ್ತಿತ್ತ ಸರಿಸಲು ಹೊರಟರೆ ಯಾರ ಭಾಗ ಎಲ್ಲಿದೆ ಅಂತ ಹುಡುಕುವುದೇ ಒಂದು ಕೆಲಸವಾಗುತ್ತದೆ.

## ಹಂತ 5: ಬರೆಯುವ ಸುತ್ತು

ಈ ಸುತ್ತಿನಲ್ಲಿ ಒಂದೇ ನಿಯಮ. ನಿಮ್ಮ ಭಾಗ ಬಿಟ್ಟು ಬೇರೆಯದನ್ನು ಮುಟ್ಟುವಂತಿಲ್ಲ. ಪಕ್ಕದವರ ಭಾಗದಲ್ಲಿ ಕಾಗುಣಿತ ತಪ್ಪು ಕಂಡರೂ ಕೈ ಕಟ್ಟಿಕೊಂಡಿರಿ. ಅವರು ಇನ್ನೂ ಯೋಚಿಸುತ್ತಾ ಬರೆಯುತ್ತಿದ್ದಾರೆ, ಆ ವಾಕ್ಯ ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಅಲ್ವಾ?

ಬೇರೆ ಕಡೆ ಬರೆದದ್ದನ್ನು ತರುವಾಗ ಕಂಟ್ರೋಲ್, ಶಿಫ್ಟ್, ವಿ ಒತ್ತಿ ಅಂಟಿಸಿ. ಆಗ ಅಕ್ಷರ ಮಾತ್ರ ಬರುತ್ತದೆ. ಹಳೆಯ ಫಾಂಟು, ಬಣ್ಣ, ಸಾಲಿನ ಅಂತರ ಜೊತೆಗೆ ಬರುವುದಿಲ್ಲ.

ಮಾಹಿತಿ ಸಿಗದ ಜಾಗವನ್ನು ಖಾಲಿ ಬಿಡಬೇಡಿ. "##ಬಾಕಿ" ಅಂತ ಒಂದು ಗುರುತು ಹಾಕಿ. ಕೊನೆಯಲ್ಲಿ ಕಂಟ್ರೋಲ್, ಎಫ್ ಒತ್ತಿ ಹುಡುಕಿದರೆ ಎಷ್ಟು ಬಾಕಿ ಇದೆ ಅಂತ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಯಾವುದಾದರೂ ಅಂಕಿ ಬರೆದರೆ ಅದು ಎಲ್ಲಿಂದ ಬಂತು ಅಂತ ಅಲ್ಲೇ ಕಾಮೆಂಟ್ ಹಾಕಿ. ಒಂದು ತಿಂಗಳ ನಂತರ ಅದು ನಿಮಗೇ ನೆನಪಿರುವುದಿಲ್ಲ.

ನೆಟ್ ಇಲ್ಲದ ಕಡೆ ಕೆಲಸ ಮಾಡಬೇಕೇ? ಗೂಗಲ್ ಡಾಕ್ಸ್‌ನ ಆಫ್‌ಲೈನ್ ಸೌಲಭ್ಯವನ್ನು ನೆಟ್ ಇರುವಾಗಲೇ ಆನ್ ಮಾಡಿಟ್ಟುಕೊಳ್ಳಬೇಕು. ಕಂಪ್ಯೂಟರಿನಲ್ಲಾದರೆ ಕ್ರೋಮ್ ಅಥವಾ ಎಡ್ಜ್ ಬ್ರೌಸರ್ ಬೇಕು. ನೆಟ್ ಬಂದ ಕೂಡಲೇ ನಿಮ್ಮ ಬದಲಾವಣೆಗಳು ಮುಖ್ಯ ಫೈಲಿಗೆ ಸೇರಿಕೊಳ್ಳುತ್ತವೆ. ಅದೇ ಪ್ಯಾರಾವನ್ನು ಇನ್ನೊಬ್ಬರೂ ಬದಲಿಸಿದ್ದರೆ ಎರಡೂ ಬೆರೆತು ಅರ್ಥವಿಲ್ಲದ ವಾಕ್ಯ ಹುಟ್ಟಬಹುದು. ಸ್ವಂತ ಭಾಗ ಮಾತ್ರ ಮುಟ್ಟುವ ನಿಯಮ ಇಲ್ಲೂ ಕಾಪಾಡುತ್ತದೆ.

ನಿಮ್ಮ ಪ್ಯಾರಾದಲ್ಲಿ ಇನ್ನೊಬ್ಬರ ಹೆಸರಿನ ಕರ್ಸರ್ ಓಡಾಡುತ್ತಿದ್ದರೆ ಬರೆಯುವುದನ್ನು ನಿಲ್ಲಿಸಿ, ಅವರಿಗೆ ಒಂದು ಫೋನ್ ಮಾಡಿ.

## ಹಂತ 6: ತಿದ್ದುವ ಮೊದಲು ಒಂದು ಗುರುತು

ಎಲ್ಲ ಭಾಗಗಳೂ "ತಿದ್ದಬಹುದು" ಸ್ಥಿತಿಗೆ ಬಂದವು. ತಿದ್ದಲು ಕೂರುವ ಮೊದಲು ಈಗಿನ ಸ್ಥಿತಿಗೆ ಒಂದು ಹೆಸರು ಕೊಡಿ. ಗೂಗಲ್ ಡಾಕ್ಸ್‌ನಲ್ಲಿ ಫೈಲ್ ಮೆನು, ವರ್ಶನ್ ಹಿಸ್ಟರಿ, ಅದರೊಳಗೆ "ನೇಮ್ ಕರೆಂಟ್ ವರ್ಶನ್". "ತಿದ್ದುವ ಮೊದಲು" ಅಂತ ಸರಳವಾಗಿ ಹೆಸರಿಡಿ.

ಗೂಗಲ್ ತಾನಾಗಿಯೇ ಹಳೆಯ ಆವೃತ್ತಿಗಳನ್ನು ಇಟ್ಟುಕೊಳ್ಳುತ್ತದಲ್ಲ, ಇದೇಕೆ ಅಂತ ಕೇಳಬಹುದು. ಇಟ್ಟುಕೊಳ್ಳುತ್ತದೆ ನಿಜ. ಆದರೆ ಜಾಗ ಉಳಿಸಲು ಆಗಾಗ ಹತ್ತಿರದ ಆವೃತ್ತಿಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ. ಜೊತೆಗೆ, ಹೆಸರಿಲ್ಲದ ನೂರಾರು ಆವೃತ್ತಿಗಳ ಮಧ್ಯೆ ನಿಮಗೆ ಬೇಕಾದದ್ದನ್ನು ಹುಡುಕುವುದು ಸುಲಭವಲ್ಲ. ಒಂದು ಡಾಕ್ಯುಮೆಂಟಿಗೆ ಹೀಗೆ ಹೆಸರಿಡಲು 40ರ ಮಿತಿ ಇದೆ. ಹಂತಕ್ಕೊಂದು ಹೆಸರು ಕೊಟ್ಟರೆ ಆ ಮಿತಿಯ ಹತ್ತಿರವೂ ಹೋಗುವುದಿಲ್ಲ. ವರ್ಡ್‌ನಲ್ಲಿ ಫೈಲ್, ಇನ್ಫೋ, ವರ್ಶನ್ ಹಿಸ್ಟರಿ ಎಂಬಲ್ಲಿ ಹಳೆಯ ಆವೃತ್ತಿಗಳು ಸಿಗುತ್ತವೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಒಂದು ಪ್ಯಾರಾ ಅಳಿಸಿಹೋಗಿರುತ್ತದೆ. ಗಾಬರಿಯಲ್ಲಿ ವರ್ಶನ್ ಹಿಸ್ಟರಿಗೆ ಹೋಗಿ ನಿನ್ನೆಯ ಆವೃತ್ತಿಯ ಮೇಲೆ "ರಿಸ್ಟೋರ್" ಒತ್ತುತ್ತಾರೆ. ಪ್ಯಾರಾ ವಾಪಸ್ ಬರುತ್ತದೆ. ಆದರೆ ಇವತ್ತು ಬೆಳಗಿನಿಂದ ಉಳಿದ ನಾಲ್ವರು ಮಾಡಿದ ಕೆಲಸ ಎಲ್ಲ ಹಿಂದಕ್ಕೆ ಹೋಗುತ್ತದೆ. ರಿಸ್ಟೋರ್ ಎಂದರೆ ಇಡೀ ಫೈಲು ಹಿಂದಕ್ಕೆ ಹೋಗುವುದು. ಆದ್ದರಿಂದ ಹಳೆಯ ಆವೃತ್ತಿಯನ್ನು ತೆರೆದು, ಕಳೆದುಹೋದ ಪ್ಯಾರಾವನ್ನು ಮಾತ್ರ ಕಾಪಿ ಮಾಡಿ, ಹಿಂದಕ್ಕೆ ಬಂದು ಈಗಿನ ಫೈಲಿನಲ್ಲಿ ಅಂಟಿಸಿ. ಅಕಸ್ಮಾತ್ ರಿಸ್ಟೋರ್ ಒತ್ತಿಬಿಟ್ಟಿದ್ದರೂ ಹೆದರಬೇಡಿ. ಒತ್ತುವ ಮೊದಲಿನ ಸ್ಥಿತಿಯೂ ಅದೇ ಪಟ್ಟಿಯಲ್ಲಿ ಇರುತ್ತದೆ. ಯಾರೂ ಇನ್ನೇನೂ ಟೈಪ್ ಮಾಡದಂತೆ ಹೇಳಿ, ಅದನ್ನು ವಾಪಸ್ ತನ್ನಿ.

ವರ್ಶನ್ ಹಿಸ್ಟರಿ ನೋಡಲು ಎಡಿಟರ್ ಅನುಮತಿ ಬೇಕು. ಕಾಮೆಂಟರ್ ಆಗಿರುವವರಿಗೆ "ಹಿಸ್ಟರಿ ನೋಡಿ" ಅಂತ ಹೇಳಿ ಪ್ರಯೋಜನವಿಲ್ಲ.

## ಹಂತ 7: ತಿದ್ದುವ ಸುತ್ತು

ಬಹುತೇಕ ತಂಡಗಳು ಕೆಡುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೋಗೋಣ.

ಈ ಸುತ್ತು ಶುರುವಾದ ಕೂಡಲೇ ಉಸ್ತುವಾರಿ ಮತ್ತು ತೀರ್ಮಾನ ಹೇಳುವವರನ್ನು ಬಿಟ್ಟು ಎಲ್ಲರನ್ನೂ ಎಡಿಟರ್‌ನಿಂದ ಕಾಮೆಂಟರ್‌ಗೆ ಇಳಿಸಿ. "ಸಜೆಸ್ಟಿಂಗ್ ಮೋಡ್‌ನಲ್ಲಿ ತಿದ್ದಿ" (ಅಂದರೆ ಬದಲಾವಣೆ ನೇರವಾಗಿ ಸೇರದೆ ಸಲಹೆಯಾಗಿ ಕಾಣುವ ಹಾಗೆ) ಅಂತ ಹತ್ತು ಸಲ ಹೇಳಿದರೂ ಯಾರಾದರೊಬ್ಬರು ಮರೆತೇ ಮರೆಯುತ್ತಾರೆ. ಕಾಮೆಂಟರ್‌ಗೆ ಮರೆಯುವ ಅವಕಾಶವೇ ಇಲ್ಲ, ಅವರು ಟೈಪ್ ಮಾಡಿದ್ದೆಲ್ಲ ಸಲಹೆಯಾಗಿಯೇ ಕಾಣುತ್ತದೆ. ವರ್ಡ್‌ನಲ್ಲಿ ಪ್ರತಿ ಬದಲಾವಣೆಗೂ ಗುರುತು ಹಾಕುವ, ರಿವ್ಯೂ ಟ್ಯಾಬ್‌ನ ಟ್ರ್ಯಾಕ್ ಚೇಂಜಸ್ ಅನ್ನು "ಫಾರ್ ಎವ್ರಿವನ್" ಅಂತ ಆನ್ ಮಾಡಿ. ನಿಮಗೆ ಮಾತ್ರ ಆನ್ ಮಾಡಿಕೊಂಡರೆ ಉಳಿದವರ ತಿದ್ದುಪಡಿಗಳು ಗುರುತಿಲ್ಲದೆ ಸೇರಿಬಿಡುತ್ತವೆ.

ಮೊದಲು ದೊಡ್ಡ ವಿಷಯ, ಆಮೇಲೆ ಚಿಕ್ಕದು. ಮೊದಲ ಸಲ ಓದುವಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಮಾಹಿತಿ ಸರಿ ಇದೆಯಾ, ಬೇಕಾದ್ದು ಬಿಟ್ಟುಹೋಗಿದೆಯಾ, ಈ ಭಾಗ ಇಲ್ಲಿ ಬೇಕಾ. ಅಲ್ಪವಿರಾಮ ತಿದ್ದುವುದು ಎರಡನೇ ಓದಿನಲ್ಲಿ. ನಾಳೆ ಪೂರ್ತಿ ತೆಗೆದುಹಾಕುವ ಪ್ಯಾರಾದಲ್ಲಿ ಇವತ್ತು ಕಾಗುಣಿತ ಸರಿ ಮಾಡುತ್ತಾ ಕೂತರೆ ಸಮಯ ಹೋಗುತ್ತದೆ. ಅಷ್ಟು ತಿದ್ದಿದ ಮೇಲೆ ಅದನ್ನು ತೆಗೆಯಲು ಮನಸ್ಸೂ ಬರುವುದಿಲ್ಲ.

ಸಲಹೆ ಯಾವಾಗ, ಕಾಮೆಂಟ್ ಯಾವಾಗ? ಉತ್ತರ ಗೊತ್ತಿದ್ದರೆ ಸಲಹೆ, ಪ್ರಶ್ನೆ ಇದ್ದರೆ ಕಾಮೆಂಟ್. ಕಾಮೆಂಟಿಗೆ ಬೇಕಾದ ಜಾಗ ಆರಿಸಿ ಕಂಟ್ರೋಲ್, ಆಲ್ಟ್, ಎಂ ಒತ್ತಿ. "ಇದು ಸರಿ ಇಲ್ಲ" ಎಂಬ ಕಾಮೆಂಟಿನಿಂದ ಯಾರಿಗೂ ಉಪಯೋಗವಿಲ್ಲ. ಏನು ಸರಿ ಇಲ್ಲ, ಏನು ಮಾಡಬಹುದು, ಯಾರು ಮಾಡಬೇಕು, ಮೂರೂ ಇರಲಿ. ಉದಾಹರಣೆಗೆ: "ಇಲ್ಲಿ ಭಾಗವಹಿಸಿದವರು 120 ಅಂತ ಇದೆ, ಕೋಷ್ಟಕದಲ್ಲಿ 112 ಇದೆ. ಹಾಜರಿ ಪಟ್ಟಿ ನೋಡಿ ಒಂದನ್ನು ಉಳಿಸುತ್ತೀರಾ?" ಅವರ ಇಮೇಲನ್ನು ಆ್ಯಟ್ ಚಿಹ್ನೆಯ ಜೊತೆ ಸೇರಿಸಿ ಅಸೈನ್ ಮಾಡಿದರೆ ಅವರಿಗೆ ಮೇಲ್ ಹೋಗುತ್ತದೆ. ಸುಮ್ನೆ ಪುಟದ ಅಂಚಿನಲ್ಲಿ ಬರೆದು ಬಿಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ.

ಬರೆದ ಮಾತು ಆಡಿದ ಮಾತಿಗಿಂತ ಗಡುಸಾಗಿ ಕೇಳಿಸುತ್ತದೆ. ಆದ್ದರಿಂದ ಕಾಮೆಂಟ್ ವಾಕ್ಯದ ಬಗ್ಗೆ ಇರಲಿ, ಬರೆದವರ ಬಗ್ಗೆ ಬೇಡ. ಹಿರಿಯರು ಬರೆದ ಸಾಲನ್ನು ತಿದ್ದಲು ಕಿರಿಯರಿಗೆ ಸಂಕೋಚ ಇರುವುದು ಸಹಜ. ಅಂಥವರಿಗೆ ಸಲಹೆಯ ರೂಪ ಅನುಕೂಲ, ಒಪ್ಪುವುದೂ ಬಿಡುವುದೂ ಬರೆದವರ ಇಷ್ಟಕ್ಕೇ ಬಿಟ್ಟ ಹಾಗಾಗುತ್ತದೆ. ಇನ್ನು ಕೆಲವು ಹಿರಿಯರು ಫೈಲು ತೆರೆಯುವುದೇ ಇಲ್ಲ, ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ಅದನ್ನು ಕೇಳಿ, ಅವರ ಹೆಸರು ಬರೆದು ಕಾಮೆಂಟ್ ಆಗಿ ಹಾಕುವುದು ಉಸ್ತುವಾರಿಯ ಕೆಲಸ. ಗ್ರೂಪಿನಲ್ಲಿ ಆದ ತೀರ್ಮಾನ ಫೈಲಿಗೆ ಬರುವವರೆಗೂ ತೀರ್ಮಾನವೇ ಅಲ್ಲ ಅಂತ ಎಲ್ಲರಿಗೂ ಹೇಳಿಬಿಡಿ.

ಒಂದೇ ಕಾಮೆಂಟಿನ ಕೆಳಗೆ ನಾಲ್ಕೈದು ಉತ್ತರಗಳಾದವು ಅಂದರೆ ಅಲ್ಲಿಗೆ ನಿಲ್ಲಿಸಿ. ಫೋನಿನಲ್ಲಿ ಮಾತಾಡಿ, ಆದ ತೀರ್ಮಾನವನ್ನು ಅದೇ ಕಾಮೆಂಟಿನಲ್ಲಿ ಒಂದು ಸಾಲು ಬರೆದು "ರಿಸಾಲ್ವ್" ಮಾಡಿ. ರಿಸಾಲ್ವ್ ಮಾಡಿದ್ದು ಅಳಿಸಿಹೋಗುವುದಿಲ್ಲ, ಕಾಮೆಂಟ್‌ಗಳ ಪಟ್ಟಿಯಲ್ಲಿ ಸಿಗುತ್ತದೆ, ಬೇಕಾದರೆ ಮತ್ತೆ ತೆರೆಯಬಹುದು. ಆದರೆ ಕಾಮೆಂಟ್ ಅಂಟಿಕೊಂಡಿರುವ ಪಠ್ಯವನ್ನೇ ಅಳಿಸಿದರೆ ಕಾಮೆಂಟೂ ಪುಟದಿಂದ ಮರೆಯಾಗುತ್ತದೆ. ಉತ್ತರ ಸಿಗದ ಪ್ರಶ್ನೆಗಳು ಕಳೆದುಹೋಗುವುದು ಹೀಗೇ. ಮೊದಲು ಪ್ರಶ್ನೆ ಬಗೆಹರಿಸಿ, ಆಮೇಲೆ ವಾಕ್ಯ ತೆಗೆಯಿರಿ.

ಸಲಹೆಗಳನ್ನು ಒಪ್ಪುವುದು ಒಬ್ಬರೇ, ಅದೂ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ. "ಅಕ್ಸೆಪ್ಟ್ ಆಲ್" ಬಟನ್ ಕೈ ಬೀಸಿ ಕರೆಯುತ್ತದೆ, ಹೋಗಬೇಡಿ. ಒಂದೇ ವಾಕ್ಯಕ್ಕೆ ಇಬ್ಬರು ಬೇರೆ ಬೇರೆ ಸಲಹೆ ಕೊಟ್ಟಿದ್ದರೆ ಎರಡೂ ಸೇರಿ "ಸಭೆಯನ್ನು ಸಭೆಯು ನಡೆಸಲಾಯಿತು" ಎಂಬಂಥ ವಾಕ್ಯ ಉಳಿಯುತ್ತದೆ. ಅದು ಮುದ್ರಣವಾದ ಮೇಲೇ ಕಣ್ಣಿಗೆ ಬೀಳುವುದು.

## ಹಂತ 8: ಕೊನೆಯ ಓದು ಒಬ್ಬರದೇ

ಸಲಹೆಗಳು ಮುಗಿದ ಮೇಲೆ ಇನ್ನೊಮ್ಮೆ ಆವೃತ್ತಿಗೆ ಹೆಸರಿಡಿ. ಉಸ್ತುವಾರಿಯನ್ನು ಬಿಟ್ಟು ಎಲ್ಲರನ್ನೂ ವ್ಯೂವರ್ ಮಾಡಿ. ಈಗ ಭಾಷೆ ಒಂದೇ ಧಾಟಿಗೆ ಬರಬೇಕು, ಅದು ಒಬ್ಬರ ಕೈಯಲ್ಲಿ ಮಾತ್ರ ಆಗುವ ಕೆಲಸ. ಕಂಟ್ರೋಲ್, ಎಚ್ ಒತ್ತಿ ಹೆಸರುಗಳ ಕಾಗುಣಿತ ಒಂದೇ ಥರ ಮಾಡಿ. ಅಲ್ಲೂ "ಎಲ್ಲ ಬದಲಿಸು" ಒತ್ತುವ ಮುಂಚೆ ಎಚ್ಚರ, ಚಿಕ್ಕ ಪದವೊಂದು ದೊಡ್ಡ ಪದದ ಒಳಗೂ ಇರಬಹುದು. "##ಬಾಕಿ" ಹುಡುಕಿ. ಚಿತ್ರಗಳನ್ನು ಈಗ ಸೇರಿಸಿ. ಮೊದಲ ಪುಟದ ಕೆಲಸದ ಕೋಷ್ಟಕ, ತಲೆಬರಹದ ಕೆಳಗಿನ ಸೂಚನೆಗಳು, ನಿಯಮಗಳ ಪುಟ, ಎಲ್ಲವನ್ನೂ ತೆಗೆಯಿರಿ.

## ಹಂತ 9: ಹೊರಗೆ ಕಳಿಸುವುದು, ಬಾಗಿಲು ಹಾಕುವುದು

ಹೊರಗಿನವರಿಗೆ ಪಿಡಿಎಫ್ ಕಳಿಸಿ. ವರ್ಡ್ ಫೈಲೇ ಬೇಕು ಅಂತ ಕೇಳಿದರೆ ಹುಷಾರು. ಗೂಗಲ್ ಡಾಕ್ಸ್‌ನಿಂದ ವರ್ಡ್ ರೂಪದಲ್ಲಿ ಡೌನ್‌ಲೋಡ್ ಮಾಡಿದರೆ ತೆರೆದಿರುವ ಕಾಮೆಂಟ್‌ಗಳು, ಸಲಹೆಗಳು ಜೊತೆಗೇ ಹೋಗುತ್ತವೆ. "ಈ ಅಂಕಿ ನಂಬಬಹುದಾ?" ಎಂಬ ನಿಮ್ಮ ಒಳಗಿನ ಮಾತು ಓದಬಾರದವರ ಕೈ ಸೇರುತ್ತದೆ. ಮೊದಲು "ಮೇಕ್ ಎ ಕಾಪಿ" ಮಾಡಿ, ಕಾಮೆಂಟ್ ಮತ್ತು ಸಲಹೆಗಳನ್ನೂ ಕಾಪಿ ಮಾಡುವ ಟಿಕ್ ಹಾಕದೆ ಬಿಡಿ, ಆ ಪ್ರತಿಯನ್ನು ಡೌನ್‌ಲೋಡ್ ಮಾಡಿ. ವರ್ಡ್‌ನಲ್ಲೇ ಕೆಲಸ ಮಾಡಿದ್ದರೆ ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂಬಲ್ಲಿಗೆ ಹೋಗಿ. ಉಳಿದ ಕಾಮೆಂಟು, ಟ್ರ್ಯಾಕ್ ಆದ ಬದಲಾವಣೆ, ಬರೆದವರ ಹೆಸರು ಇವೆಲ್ಲ ಅಡಗಿವೆಯಾ ಅಂತ ಅದು ತೋರಿಸುತ್ತದೆ. ಇದನ್ನು ಪ್ರತಿಯ ಮೇಲೆ ಮಾಡಿ, ಮೂಲದ ಮೇಲಲ್ಲ.

ಪಿಡಿಎಫ್ ಅನ್ನು ಕಳಿಸುವ ಮೊದಲು ಕೊನೆಯ ಓದು ಮಾಡದ ಒಬ್ಬರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ತೆರೆದು ನೋಡಲಿ. ಆಮೇಲೆ ತಾತ್ಕಾಲಿಕವಾಗಿ ಸೇರಿಸಿಕೊಂಡವರ ಅನುಮತಿ ತೆಗೆಯಿರಿ. ಫೈಲು ಕಳಿಸಿದ ಮೇಲೆ ಸಿಗುವ ತಪ್ಪುಗಳನ್ನು ಮುಖ್ಯ ಫೈಲಿನಲ್ಲಿ ಗುಟ್ಟಾಗಿ ತಿದ್ದಬೇಡಿ. ಬೇರೆ ಪಟ್ಟಿ ಮಾಡಿ, ಎಲ್ಲ ಒಟ್ಟಿಗೆ ಸರಿಪಡಿಸಿ, ಹೊಸ ದಿನಾಂಕದ ಪ್ರತಿ ಕಳಿಸಿ.

## ಫೈಲು ಸ್ಪ್ರೆಡ್‌ಶೀಟ್ ಆಗಿದ್ದರೆ

ಕ್ರಮ ಇದೇ, ಮೂರು ಎಚ್ಚರಿಕೆ ಹೆಚ್ಚು. ಗೂಗಲ್ ಶೀಟ್ಸ್‌ನಲ್ಲಿ ನೀವು ಮಾಮೂಲಿ ಫಿಲ್ಟರ್ ಹಾಕಿದರೆ ಎಲ್ಲರ ಪರದೆಯಲ್ಲೂ ಸಾಲುಗಳು ಮರೆಯಾಗುತ್ತವೆ, "ನನ್ನ ಡೇಟಾ ಎಲ್ಲಿ" ಅಂತ ಫೋನ್ ಬರುತ್ತದೆ. ನಿಮಗೆ ಮಾತ್ರ ಬೇಕಾದರೆ ಫಿಲ್ಟರ್ ವ್ಯೂ ಬಳಸಿ. ಸೂತ್ರ ಇರುವ ಸೆಲ್‌ಗಳನ್ನು ಪ್ರೊಟೆಕ್ಟ್ ಮಾಡಿ, ಯಾರಾದರೂ ಮೊತ್ತದ ಮೇಲೇ ಅಂಕಿ ಟೈಪ್ ಮಾಡುವುದು ತಪ್ಪುತ್ತದೆ. ಒಂದು ಸೆಲ್ ಬದಲಾಗಿದೆ ಅನ್ನಿಸಿದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ "ಶೋ ಎಡಿಟ್ ಹಿಸ್ಟರಿ" ನೋಡಿ.

## ದಾರಿ ತಪ್ಪುತ್ತಿದೆ ಎಂಬ ಸೂಚನೆಗಳು

ಗ್ರೂಪಿನಲ್ಲಿ ಯಾರಾದರೂ "ಯಾವ ಫೈಲು?" ಅಂತ ಕೇಳಿದರು ಅಂದರೆ ಎರಡನೇ ಪ್ರತಿ ಹುಟ್ಟಿದೆ. ಅವತ್ತೇ ಹುಡುಕಿ. ಡ್ರೈವ್‌ನಲ್ಲಿ "ಕಾಪಿ ಆಫ್" ಎಂಬ ಹೆಸರಿನ ಫೈಲು ಕಂಡರೂ ಅಷ್ಟೇ.

ಒಂದೇ ವಾಕ್ಯವನ್ನು ಇಬ್ಬರು ಹಿಂದೆ ಮುಂದೆ ಬದಲಿಸುತ್ತಿದ್ದರೆ ಅದು ಭಾಷೆಯ ಜಗಳವಲ್ಲ, ವಿಷಯದಲ್ಲೇ ಭಿನ್ನಾಭಿಪ್ರಾಯ ಇದೆ. ತೀರ್ಮಾನ ಹೇಳುವವರನ್ನು ಕರೆಯಿರಿ. ಕಾಮೆಂಟ್‌ಗಳ ಸಂಖ್ಯೆ ದಿನೇ ದಿನೇ ಏರುತ್ತಿದೆ, ಒಂದೂ ಮುಚ್ಚುತ್ತಿಲ್ಲ ಅಂದರೆ ಅಸೈನ್ ಮಾಡದೆ ಬರೆಯುತ್ತಿದ್ದಾರೆ ಅಂತ ಅರ್ಥ. ಒಬ್ಬರ ಹೆಸರೇ ಇಡೀ ಹಿಸ್ಟರಿಯಲ್ಲಿ ಕಾಣುತ್ತಿದ್ದರೆ ಉಳಿದವರು ಹಿಂದೆ ಸರಿದಿದ್ದಾರೆ. ಕೋಷ್ಟಕ ತೆರೆದು ಕೆಲಸ ಮತ್ತೆ ಹಂಚಿ.

## ಈಗಾಗಲೇ ಕೆಟ್ಟುಹೋಗಿದ್ದರೆ

ಮೂರು ಪ್ರತಿಗಳು, ಮೂರರಲ್ಲೂ ಒಂದಿಷ್ಟು ಕೆಲಸ. ಹೀಗಾದಾಗ ಮೊದಲ ಕೆಲಸ ಎಲ್ಲರನ್ನೂ ನಿಲ್ಲಿಸುವುದು. ಮೂರೂ ಫೈಲುಗಳಲ್ಲಿ ಎಲ್ಲರನ್ನೂ ವ್ಯೂವರ್ ಮಾಡಿ. ಪ್ರತಿಯೊಂದರ ಈಗಿನ ಆವೃತ್ತಿಗೂ ಹೆಸರಿಡಿ.

ಎರಡನೆಯದಾಗಿ, ಅತಿ ಹೆಚ್ಚು ಕೆಲಸ ಆಗಿರುವ ಪ್ರತಿಯನ್ನು ಮೂಲ ಅಂತ ಆರಿಸಿ. ಕೊನೆಯದಾಗಿ ತೆರೆದದ್ದೇ ಮೂಲ ಆಗಬೇಕಿಲ್ಲ. ಹಿಸ್ಟರಿ ನೋಡಿ ತೀರ್ಮಾನಿಸಿ.

ಮೂರನೆಯದಾಗಿ ಹೋಲಿಸಿ. ಗೂಗಲ್ ಡಾಕ್ಸ್‌ನ ಟೂಲ್ಸ್ ಮೆನುವಿನಲ್ಲಿ "ಕಂಪೇರ್ ಡಾಕ್ಯುಮೆಂಟ್ಸ್" ಇದೆ, ವರ್ಡ್‌ನ ರಿವ್ಯೂ ಟ್ಯಾಬ್‌ನಲ್ಲಿ "ಕಂಪೇರ್" ಇದೆ. ಎರಡು ಪ್ರತಿಗಳ ವ್ಯತ್ಯಾಸಗಳನ್ನು ತಿದ್ದುಪಡಿಗಳ ರೂಪದಲ್ಲಿ ಹೊಸ ಫೈಲಿನಲ್ಲಿ ತೋರಿಸುತ್ತವೆ. ಮೂರನ್ನೂ ಒಟ್ಟಿಗೆ ಹೋಲಿಸಲು ಹೋಗಬೇಡಿ. ಮೂಲದ ಜೊತೆ ಎರಡನೆಯದು, ಅದು ಮುಗಿದ ಮೇಲೆ ಮೂರನೆಯದು. ಬೇಕಾದ ಸಾಲುಗಳನ್ನು ಒಬ್ಬರೇ ಮೂಲಕ್ಕೆ ತರಬೇಕು.

ಹಳೆಯ ಪ್ರತಿಗಳನ್ನು ಅಳಿಸಬೇಡಿ. "ಹಳೆಯದು, ಮುಟ್ಟಬೇಡಿ" ಅಂತ ಹೆಸರು ಬದಲಿಸಿ ಬೇರೆ ಫೋಲ್ಡರಿಗೆ ಹಾಕಿ. ಅವುಗಳ ಮೊದಲ ಸಾಲಿನಲ್ಲಿ ಮೂಲ ಫೈಲಿನ ಲಿಂಕ್ ಅಂಟಿಸಿ. ಯಾರ ಬುಕ್‌ಮಾರ್ಕಿನಲ್ಲೋ ಹಳೆಯ ಲಿಂಕೇ ಉಳಿದಿರುತ್ತದೆ, ಅವರು ಅಲ್ಲಿಂದಲೇ ಸರಿಯಾದ ಜಾಗಕ್ಕೆ ಬರುತ್ತಾರೆ. ಇಷ್ಟಾದ ಮೇಲೆ ಹಂತ 3ರಿಂದ ಮತ್ತೆ ಮುಂದುವರಿಸಿ.